ಓದುಗರ ಪ್ರಶ್ನೆ: ಯುದ್ಧ ಮುಗಿದ ಮೇಲೆ ಕಾಲೇಜಿನ ಊರು ಮಾಡುವ ಕೆಲಸ

ಈ ಸಲ ಬಂದ ಪತ್ರಗಳಲ್ಲಿ ಯುದ್ಧ ಸ್ಮಾರಕ ಮತ್ತು ಮಾಜಿ ಸೈನಿಕರ ಗೌರವದ ಕುರಿತ ಪ್ರಶ್ನೆಗಳೇ ಹೆಚ್ಚು. ಅವುಗಳಲ್ಲಿ ಐದಕ್ಕೆ ಇಲ್ಲಿ ಉತ್ತರವಿದೆ.

ಮಗಳು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಳೆ. ರೈಲು ನಿಲ್ದಾಣದ ಕಡೆಯ ರಸ್ತೆಯಲ್ಲಿ ಬರಿತಲೆಯ ಸೈನಿಕನೊಬ್ಬ ದಾಪುಗಾಲು ಹಾಕುತ್ತಿರುವ ಕಂಚಿನ ಪ್ರತಿಮೆ ಇದೆಯಂತೆ. ಮೊದಲ ಮಹಾಯುದ್ಧ ಮುಗಿದಾಗ ಆ ಊರು ಏನೇನು ಮಾಡಿತು? (ಮೈಸೂರಿನಿಂದ)

1918ರ ನವೆಂಬರ್ 11ರಂದು ಬೆಳಿಗ್ಗೆ 11ಕ್ಕೆ ಕದನವಿರಾಮ ಜಾರಿಗೆ ಬಂತು. ಆ ಹೊತ್ತಿಗೆ ಕೇಂಬ್ರಿಜ್ ವಿದ್ಯಾರ್ಥಿಗಳ ಊರಾಗಿ ಉಳಿದಿರಲಿಲ್ಲ. ಕಾಲೇಜಿನ ಕೋಣೆಗಳಲ್ಲಿ ಅಧಿಕಾರಿ ತರಬೇತಿಯ ಹುಡುಗರಿದ್ದರು. ಕಿಂಗ್ಸ್ ಮತ್ತು ಕ್ಲೇರ್ ಕಾಲೇಜುಗಳ ಕ್ರಿಕೆಟ್ ಮೈದಾನದಲ್ಲಿ ದೊಡ್ಡ ಸೇನಾ ಆಸ್ಪತ್ರೆ ನಡೆಯುತ್ತಿತ್ತು. ಈಗ ಅಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯವಿದೆ. ಯುದ್ಧ ನಿಂತ ದಿನದ ಸಂಭ್ರಮ ದಾಂಧಲೆಗೂ ತಿರುಗಿತು. ಸಿ.ಕೆ. ಆಗ್ಡನ್ ಎಂಬಾತ ತನ್ನ 'ಕೇಂಬ್ರಿಜ್ ಮ್ಯಾಗಜೀನ್' ಪತ್ರಿಕೆಯಲ್ಲಿ ಯುದ್ಧಕಾಲದುದ್ದಕ್ಕೂ ವಿದೇಶಿ ಪತ್ರಿಕೆಗಳ ಬರಹಗಳನ್ನು ಅನುವಾದಿಸಿ ಹಾಕುತ್ತಿದ್ದ. ಅದು ಶತ್ರುವಿನ ಪಕ್ಷಪಾತವೆಂದು ಸಿಟ್ಟಾಗಿದ್ದ ವಿದ್ಯಾರ್ಥಿಗಳು ಅಂದು ಅವನ ಅಂಗಡಿಗೆ ನುಗ್ಗಿ ಪುಡಿಮಾಡಿದರು. ವಿಜಯೋತ್ಸವದ ವರದಿ ಬರೆಯುವವರು ಇಂಥದ್ದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ಬಿಡಬಾರದು.

ಕೂಗಾಟ ಒಂದು ದಿನದ್ದು. ನಿಜವಾದ ಕೆಲಸ ಆಮೇಲೆ ವರ್ಷಗಟ್ಟಲೆ ನಡೆಯಿತು. ವಿಶ್ವವಿದ್ಯಾಲಯದಿಂದ ಸುಮಾರು 14 ಸಾವಿರ ಮಂದಿ ಯುದ್ಧಕ್ಕೆ ಹೋಗಿದ್ದರು, 2,400ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಯಾರು ಹೋದರು, ಯಾವ ಪಡೆ, ಏನಾದರು ಎಂದು ಕಾಲೇಜುವಾರು ಕಲೆಹಾಕಿದ ಪಟ್ಟಿ ಪುಸ್ತಕವಾಗಿ ಅಚ್ಚಾಗಿದ್ದು 1921ರಲ್ಲಿ. ಬದುಕಿ ಬಂದವರಿಗೆ ಓದು ಮುಂದುವರಿಸಲು ದಾರಿ ಮಾಡಿಕೊಟ್ಟದ್ದೂ ಗೌರವದ ಭಾಗವೇ ಆಗಿತ್ತು. ಯುದ್ಧದಿಂದಾಗಿ ಅರ್ಧಕ್ಕೇ ಶಿಕ್ಷಣ ನಿಂತಿದ್ದ ಸುಮಾರು 400 ನೌಕಾಪಡೆಯ ತರುಣ ಅಧಿಕಾರಿಗಳನ್ನು 1919ರಲ್ಲಿ ಇಲ್ಲಿಗೇ ಕಳಿಸಲಾಯಿತು.

ಸ್ಮಾರಕದ ವಿಷಯದಲ್ಲಿ ಒಂದೊಂದು ಕಾಲೇಜು ಒಂದೊಂದು ದಾರಿ ಹಿಡಿಯಿತು. ಕ್ಲೇರ್ ಕಾಲೇಜು ಸತ್ತ ತನ್ನ ವಿದ್ಯಾರ್ಥಿಗಳ ನೆನಪಿಗೆ ವಿದ್ಯಾರ್ಥಿನಿಲಯದ ಕಟ್ಟಡವನ್ನೇ ಕಟ್ಟಿತು. ಮೆಮೋರಿಯಲ್ ಕೋರ್ಟ್ ಎಂಬ ಅದು ಇಂದಿಗೂ ಬಳಕೆಯಲ್ಲಿದೆ. ಕಿಂಗ್ಸ್ ಕಾಲೇಜು ತನ್ನ ಪ್ರಾರ್ಥನಾಮಂದಿರದ ಪಕ್ಕದ ಚಿಕ್ಕ ಗುಡಿಯಲ್ಲಿ ಹೆಸರುಗಳನ್ನು ಕೆತ್ತಿಸಿತು. ನಿಮ್ಮ ಮಗಳು ಕಂಡ ಪ್ರತಿಮೆ ಜಿಲ್ಲೆ, ಪಟ್ಟಣ, ವಿಶ್ವವಿದ್ಯಾಲಯ ಮೂವರಿಗೂ ಸೇರಿದ್ದು. ಹೆಸರು 'ದಿ ಹೋಮ್‌ಕಮಿಂಗ್'. ಮಾಡಿದವರು ವೈದ್ಯರೂ ಆಗಿದ್ದ ಕೆನಡಾದ ಶಿಲ್ಪಿ ರಾಬರ್ಟ್ ಟೈಟ್ ಮೆಕೆಂಜಿ. 1922ರ ಜುಲೈ 3ರಂದು ಯಾರ್ಕ್‌ನ ಡ್ಯೂಕ್ (ಮುಂದೆ ಆರನೆಯ ಜಾರ್ಜ್ ದೊರೆ) ಅನಾವರಣ ಮಾಡಿದರು. ಸತ್ತು ಬಿದ್ದವನನ್ನೋ ಬಂದೂಕು ಗುರಿಯಿಟ್ಟವನನ್ನೋ ಬಿಟ್ಟು, ಮನೆಗೆ ಮರಳುತ್ತಿರುವವನನ್ನು ನಿಲ್ಲಿಸಿದ್ದು ಇದರ ವಿಶೇಷ. ಜಿಲ್ಲೆಯ ಸತ್ತವರ ಹೆಸರುಗಳು ಪಕ್ಕದ ಈಲಿ ಊರಿನ ಕತೀಡ್ರಲ್‌ನಲ್ಲಿವೆ. ಅಲ್ಲಿನ ಓಕ್ ಮರದ ಹಲಗೆಗಳು ಕೀಲು ಹಾಕಿದ ಕದಗಳಂತೆ ತೆರೆದುಕೊಳ್ಳುತ್ತವೆ, ಕಡಿಮೆ ಜಾಗದಲ್ಲಿ ಸಾವಿರಾರು ಹೆಸರು ಹಿಡಿಯುತ್ತವೆ. ರಜೆಯಲ್ಲಿ ಮಗಳು ನೋಡಿ ಬರಲಿ.

ಎದುರು ಪಕ್ಷದಲ್ಲಿ ಸತ್ತ ಹಳೆಯ ವಿದ್ಯಾರ್ಥಿಯ ಹೆಸರನ್ನು ಯಾವುದಾದರೂ ಕಾಲೇಜು ಹಾಕಿದ್ದುಂಟೇ? (ಧಾರವಾಡದಿಂದ)

ಉಂಟು. ಹಂಗೇರಿಯ ಕವಿ ಫೆರೆಂಟ್ಸ್ ಬೇಕಾಶಿ ಕಿಂಗ್ಸ್ ಕಾಲೇಜಿನ ವಿದ್ಯಾರ್ಥಿ. ಯುದ್ಧ ಶುರುವಾದಾಗ ತಾಯ್ನಾಡಿಗೆ ಮರಳಿ, ಆಸ್ಟ್ರಿಯಾ-ಹಂಗೇರಿಯ ಅಶ್ವದಳ ಸೇರಿ, 1915ರಲ್ಲಿ ಪೂರ್ವದ ರಣರಂಗದಲ್ಲಿ ಸತ್ತ. ಅವನ ಹೆಸರು ಅದೇ ಗುಡಿಯಲ್ಲಿದೆ, ಆದರೆ ಉಳಿದವರ ಸಾಲಿನಲ್ಲಿಲ್ಲ, ಬೇರೆ ಗೋಡೆಯ ಮೇಲೆ ಒಂಟಿಯಾಗಿದೆ. ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿ ಮೂವರು ಜರ್ಮನ್ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಫಲಕವಿದೆ. ಎರಡು ಕಡೆಯೂ ಹೆಸರು ಬಂತು, ಪಂಕ್ತಿ ಮಾತ್ರ ಬೇರೆಯಾಯಿತು.

ಎರಡು ನಿಮಿಷದ ಮೌನ ಎಲ್ಲಿಂದ ಬಂತು? ನಮ್ಮ ಕಾಲೇಜಿನಲ್ಲಿ ಅದು ಪ್ರತಿ ಸಲ ಅರ್ಧಕ್ಕೇ ಮುಗಿದುಹೋಗುತ್ತದೆ. (ಹಾಸನದಿಂದ)

ಯುದ್ಧಕಾಲದಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಮಧ್ಯಾಹ್ನ ಊರೆಲ್ಲ ಸ್ತಬ್ಧವಾಗುವ ರೂಢಿ ಇತ್ತು. ಅದನ್ನು ಕಂಡ ಅಲ್ಲಿನ ಲೇಖಕ, ರಾಜಕಾರಣಿ ಪರ್ಸಿ ಫಿಟ್ಜ್‌ಪ್ಯಾಟ್ರಿಕ್ ಲಂಡನ್ನಿಗೆ ಸೂಚನೆ ಕಳಿಸಿದರು. ಐದನೆಯ ಜಾರ್ಜ್ ದೊರೆಯ ಕೋರಿಕೆಯಂತೆ 1919ರ ನವೆಂಬರ್ 11ರಂದು ಅದು ಮೊದಲ ಬಾರಿ ಆಚರಣೆಗೆ ಬಂತು. ನಮ್ಮಲ್ಲಿ ಜನವರಿ 30ರ ಹುತಾತ್ಮರ ದಿನದ ಸರ್ಕಾರಿ ಕ್ರಮ ಇನ್ನೂ ಅಚ್ಚುಕಟ್ಟು. ಸೈರನ್ 10.59ರಿಂದ 11ರವರೆಗೆ ಕೂಗುತ್ತದೆ, ಮೌನ 11.02ರವರೆಗೆ, ಮುಗಿಯಿತೆನ್ನಲು ಮತ್ತೊಂದು ಸೈರನ್.

ನಿಮ್ಮಲ್ಲಿ ಮೌನ ಮೊಟಕಾಗುವುದು ನಿರೂಪಕರ ಕೈಯಲ್ಲಿ ಗಡಿಯಾರವಿಲ್ಲದ್ದರಿಂದ. ಸಾವಿರ ಜನರೆದುರು ನಿಂತವರಿಗೆ ನಲವತ್ತು ಸೆಕೆಂಡೇ ಎರಡು ನಿಮಿಷ ಅನ್ನಿಸುತ್ತದೆ. ಗಡಿಯಾರದ ಹೊಣೆಯನ್ನು ವೇದಿಕೆಯ ಕೆಳಗಿರುವ ಒಬ್ಬರಿಗೆ ಕೊಡಿ. ಅವರ ಸನ್ನೆ ಬಂದ ಮೇಲೆ ಬ್ಯೂಗಲ್ ಊದಲಿ. ಮೌನಕ್ಕೆ ಮೊದಲು 'ಲಾಸ್ಟ್ ಪೋಸ್ಟ್' ಎಂಬ ಬ್ಯೂಗಲ್ ರಾಗ, ಆಮೇಲೆ 'ರೌಸ್' ಎಂಬ ರಾಗ. ಎನ್‌ಸಿಸಿ ಬೆಟಾಲಿಯನ್ ಕಚೇರಿಗೆ ಮೊದಲೇ ಪತ್ರ ಬರೆದರೆ ಬ್ಯೂಗಲ್ ಊದುವವರು ಸಿಗಬಹುದು. ಧ್ವನಿಮುದ್ರಿಕೆ ಹಾಕುವುದಾದರೆ ಫೋನಿನಿಂದ ಬೇಡ, ಕರೆ ಬಂದರೆ ಅದೂ ಲೌಡ್‌ಸ್ಪೀಕರಿನಲ್ಲೇ ಕೇಳುತ್ತದೆ.

ಸೇನೆಯಲ್ಲಿ ಮಡಿದ ಹಳೆಯ ವಿದ್ಯಾರ್ಥಿಗಳ ಹೆಸರಿನ ಫಲಕವನ್ನು ಕಾಲೇಜಿನಲ್ಲಿ ಹಾಕಬೇಕೆಂದಿದ್ದೇವೆ. ಎಲ್ಲಿಂದ ಆರಂಭಿಸಬೇಕು? (ಶಿವಮೊಗ್ಗದ ಉಪನ್ಯಾಸಕರಿಂದ)

ಕಲ್ಲಿನಂಗಡಿಯಿಂದ ಬೇಡ, ಪಟ್ಟಿಯಿಂದ ಆರಂಭಿಸಿ. ಅದಕ್ಕೂ ಮೊದಲು ಯಾರ ಹೆಸರು ಸೇರಬೇಕೆಂಬ ನಿಯಮವನ್ನು ಬರೆದಿಡಿ: ಯುದ್ಧದಲ್ಲಿ ಮಡಿದವರಷ್ಟೇಯೋ, ಕರ್ತವ್ಯದಲ್ಲಿದ್ದಾಗ ಹಿಮಪಾತಕ್ಕೋ ಅಪಘಾತಕ್ಕೋ ಸಿಕ್ಕವರೂ ಸೇರುವರೋ? ಒಂದು ವರ್ಷ ಓದಿ ಕಾಲೇಜು ಬಿಟ್ಟವರೋ? ಹೆಸರುಗಳು ಬಂದ ಮೇಲೆ ಈ ಚರ್ಚೆ ಎತ್ತಿದರೆ ಅದು ಒಂದು ಮನೆಯವರ ವಿರುದ್ಧದ ಮಾತಾಗಿಬಿಡುತ್ತದೆ.

ಕಾಲೇಜಿನ ದಾಖಲಾತಿ ಪುಸ್ತಕವನ್ನು ಮೂರು ಕಡೆ ತಾಳೆ ನೋಡಿ: ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ, 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಪಟ್ಟಿ, ಎರಡು ಮಹಾಯುದ್ಧಗಳವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆ. ಹೆಸರಿನ ಜೊತೆ ಸೇನಾ ಸಂಖ್ಯೆ ಇಲ್ಲದಿದ್ದರೆ ಒಂದೇ ಹೆಸರಿನ ಇಬ್ಬರು ಬೆರೆತುಹೋಗುತ್ತಾರೆ. ನಮ್ಮ ಹೆಸರುಗಳಲ್ಲಿ ತೊಡಕು ಸಹಜ. ಹಳೆಯ ಮೈಸೂರಿನ ಕಡೆ ಇನಿಷಿಯಲ್‌ಗಳು, ಕೊಡಗಿನಲ್ಲಿ ಮನೆತನ ಮೊದಲು, ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಕೊನೆಗೆ. ಸೇನೆಯ ಇಂಗ್ಲಿಷ್ ದಾಖಲೆಯಿಂದ ಮತ್ತೆ ಕನ್ನಡಕ್ಕೆ ಇಳಿಸುವಾಗ ಟ, ತ, ಳ, ಲ ಅದಲುಬದಲಾಗುತ್ತವೆ. ಹೀಗಾಗಿ ಮನೆಯವರು ಬರೆಯುವ ರೂಪವೇ ಅಂತಿಮ. ಕೆತ್ತುವ ಅಳತೆಯಲ್ಲೇ ಕಾಗದದ ಮೇಲೆ ಮುದ್ರಿಸಿ, ತೋರಿಸಿ, ಅವರ ಸಹಿ ಪಡೆಯಿರಿ. ಕ್ರಮ ಅಕಾರಾದಿ ಇರಲಿ ಅಥವಾ ಮಡಿದ ವರ್ಷದ ಪ್ರಕಾರ ಇರಲಿ. ಹುದ್ದೆಯ ಪ್ರಕಾರ ಬೇಡ. ಯುದ್ಧ ಸಮಾಧಿ ಆಯೋಗ ಅಧಿಕಾರಿಗೂ ಸಿಪಾಯಿಗೂ ಒಂದೇ ಬಗೆಯ ಕಲ್ಲು ನಿಲ್ಲಿಸುತ್ತದೆ.

ಈಗ ಕಲ್ಲು. ಕರಿ ಗ್ರಾನೈಟ್ ಒಳ್ಳೆಯದೇ, ಆದರೆ ಪಡುವಣಕ್ಕೆ ಮುಖ ಮಾಡಿ ನಿಲ್ಲಿಸಿದರೆ ಸಂಜೆಯ ಬಿಸಿಲು ಹೊಳಪಿನ ಮೇಲೆ ಬಿದ್ದು ಅಕ್ಷರ ಕಾಣುವುದಿಲ್ಲ. ಎರಡು ಮೂರು ಮೀಟರ್ ದೂರದಿಂದ ಓದಲು 20 ಮಿ.ಮೀ. ಎತ್ತರದ ಅಕ್ಷರ ಸಾಕು. ಕೆತ್ತುವವರು ಇಂಗ್ಲಿಷ್ ಅಳತೆಯಲ್ಲಿ ಸಾಲು ಕೂರಿಸಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಹಾಗಾಗಿ ಸಾಲಿನಿಂದ ಸಾಲಿಗೆ 45 ಮಿ.ಮೀ. ಬಿಡಿ. ನಲವತ್ತು ಹೆಸರುಗಳನ್ನು ಇಪ್ಪತ್ತರಂತೆ ಎರಡು ಕಲ್ಲಿಗೆ ಹಂಚಿದರೆ ಒಂದೊಂದರಲ್ಲಿ ಹೆಸರುಗಳಿಗೇ 90 ಸೆಂ.ಮೀ. ಬೇಕು. ತಲೆಬರಹ, ಅಂಚು ಸೇರಿ 120 ಸೆಂ.ಮೀ. ಎತ್ತರ, 70 ಸೆಂ.ಮೀ. ಅಗಲ. 25 ಮಿ.ಮೀ. ದಪ್ಪದ ಇಂಥ ಕಲ್ಲು ಒಂದಕ್ಕೆ ಸುಮಾರು 57 ಕಿಲೊ ತೂಗುತ್ತದೆ. ಬರೀ ಅಂಟಿನ ಮೇಲೆ ನಂಬಿಕೆ ಇಡಬೇಡಿ, ಸ್ಟೇನ್‌ಲೆಸ್ ಸ್ಟೀಲ್ ಕ್ಲಾಂಪ್ ಹಾಕಿಸಿ. ಕಬ್ಬಿಣದ ಬೋಲ್ಟ್ ಮಲೆನಾಡಿನ ಮಳೆಗೆ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಮೂರನೆಯ ಕಲ್ಲಿಗೂ ಗೋಡೆಯಲ್ಲಿ ಜಾಗ ಉಳಿಸಿ.

ಅನಾವರಣಕ್ಕೆ ಸಾದಾ ಬಟ್ಟೆ ಬಳಸಿ. ಸ್ಮಾರಕಕ್ಕೆ ರಾಷ್ಟ್ರಧ್ವಜ ಹೊದಿಸುವುದನ್ನು ಧ್ವಜಸಂಹಿತೆ ಒಪ್ಪುವುದಿಲ್ಲ.

ಡಿಸೆಂಬರ್ 16ರ ವಿಜಯ ದಿವಸಕ್ಕೆ 1971ರ ಯೋಧರನ್ನು ಕರೆದು ಸನ್ಮಾನಿಸುತ್ತೇವೆ. ಯಾವ ಎಚ್ಚರಿಕೆ ಬೇಕು? (ಬೆಳಗಾವಿಯಿಂದ)

ಅವರ ವಯಸ್ಸು ನೆನಪಿರಲಿ. ಢಾಕಾದಲ್ಲಿ ಪಾಕಿಸ್ತಾನದ ಸೇನಾಧಿಕಾರಿ ನಿಯಾಜಿ ಶರಣಾಗತಿಗೆ ಸಹಿ ಹಾಕಿದಾಗ ಇಪ್ಪತ್ತರವರಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಕೈಯಿರುವ ಕುರ್ಚಿ, ನೆರಳು, ಹತ್ತಿರದಲ್ಲೇ ಶೌಚಾಲಯ ಬೇಕು. ವೇದಿಕೆಗೆ ಮೆಟ್ಟಿಲಿದ್ದರೆ ಅತಿಥಿಗಳೇ ಕೆಳಗಿಳಿದು ಬಂದು ಗೌರವಿಸಲಿ. ಜುಲೈ 26ರ ಕಾರ್ಗಿಲ್ ದಿನವೂ ಮಾಡುವುದಾದರೆ ನಿಮ್ಮ ಕಡೆಯ ಮಳೆಗೆ ಸಭಾಂಗಣವೇ ಸರಿ.

ಶಾಲು, ಹಾರ, ಮೈಸೂರು ಪೇಟ ನಮ್ಮ ವಾಡಿಕೆ. ಪದಕ ಧರಿಸಿ ಬಂದವರಿಗೆ ಶಾಲು ಹೊದಿಸಿದರೆ ಪದಕಗಳು ಮುಚ್ಚಿಹೋಗುತ್ತವೆ, ಪೇಟ ಇಡಲು ಸೇನೆಯ ಟೋಪಿ ತೆಗೆಸಬೇಕಾಗುತ್ತದೆ. ಶಾಲನ್ನು ಮಡಿಸಿ ಕೈಗೆ ಕೊಡಿ, ಪೇಟ ಬಿಡಿ. ಪದಕ ಪಡೆದವರು ಅದನ್ನು ಎಡ ಎದೆಗೆ ಧರಿಸುತ್ತಾರೆ. ತೀರಿಹೋದವರ ಪದಕವನ್ನು ಮನೆಯವರು ಬಲಕ್ಕೆ ಧರಿಸುವುದು ರೂಢಿ. ಅದನ್ನು ತಪ್ಪೆಂದು ತಿದ್ದಲು ಹೋಗಬೇಡಿ. ಆಮಂತ್ರಣದಲ್ಲಿ ಹುದ್ದೆ, ಹೆಸರು, ಕೊನೆಗೆ 'ನಿವೃತ್ತ' ಎಂದಿರಲಿ.

ಮಡಿದವರ ಪತ್ನಿಯರನ್ನು, ಅಂದರೆ ವೀರನಾರಿಯರನ್ನು, ಮೊದಲ ಸಾಲಿನಲ್ಲಿ ಕೂರಿಸಿ. ಮೈಕ್ ಕೊಟ್ಟು "ಆ ದಿನ ಏನಾಯಿತು ಹೇಳಿ" ಅನ್ನಬೇಡಿ. ವಿದ್ಯಾರ್ಥಿಗಳ ಪ್ರಶ್ನೆಗಳನ್ನೂ ಮೊದಲೇ ಬರೆಸಿ ತರಿಸಿಕೊಳ್ಳಿ. "ಎಷ್ಟು ಜನರನ್ನು ಕೊಂದಿರಿ" ಎಂಬುದು ಪ್ರತಿ ಸಲ ಬಂದೇ ಬರುತ್ತದೆ. ಅದರ ಬದಲು ಯಾವ ರೆಜಿಮೆಂಟ್, ಊಟ ಎಲ್ಲಿಂದ ಬರುತ್ತಿತ್ತು, ಮನೆಗೆ ಕಾಗದ ತಲುಪಲು ಎಷ್ಟು ದಿನ ಹಿಡಿಯುತ್ತಿತ್ತು ಎಂದು ಕೇಳಿಸಿದರೆ ಹಿರಿಯರು ತಾವಾಗಿಯೇ ಮಾತಿಗೆ ತೊಡಗುತ್ತಾರೆ. ಮುಖ್ಯ ಅತಿಥಿಗಳ ಭಾಷಣವನ್ನು ಕಾರ್ಯಕ್ರಮದ ಕೊನೆಗೆ ಇಡಿ.