ಹೊಲಿಗೆ ಮೆಷಿನ್ ಫೋಟೋ ಹೇಳಿದ ಮನೆ ವಿಳಾಸ

ಓದುಗರ ಪತ್ರ

ಸಂಪಾದಕರೇ, ಅಮ್ಮನ ಕಾಲದ ಹೊಲಿಗೆ ಮೆಷಿನ್ ಮಾರೋಣ ಎಂದು ಹೋದ ತಿಂಗಳು ಆನ್‌ಲೈನ್‌ನಲ್ಲಿ ಹಾಕಿದ್ದೆ. ‘ಬನಶಂಕರಿ ಹತ್ತಿರ’ ಎಂದಷ್ಟೇ ಬರೆದಿದ್ದೆ. ಒಬ್ಬರು ವಾಟ್ಸಾಪ್‌ನಲ್ಲಿ ಫೋಟೋ ಕೇಳಿದರು, ಕಳಿಸಿದೆ. ‘ಮಸುಕಾಗಿದೆ ಮೇಡಂ, ಕೆಳಗಿನ ನಂಬರ್ ಓದೋಕಾಗ್ತಿಲ್ಲ, ಡಾಕ್ಯುಮೆಂಟ್ ಮಾಡಿ ಕಳಿಸಿ’ ಎಂದರು. ಹಾಗೇ ಕಳಿಸಿದೆ. ಮರುದಿನ ಮಧ್ಯಾಹ್ನ ನಾನೊಬ್ಬಳೇ ಇದ್ದಾಗ ಬೆಲ್ ಆಯಿತು. ಕಿಟಕಿಯಿಂದ ನೋಡಿದರೆ ಯಾರೋ ಗಂಡಸು. ‘ಮೆಷಿನ್ ನೋಡೋಕೆ ಬಂದೆ’ ಎಂದರು. ನಾನು ವಿಳಾಸ ಕೊಟ್ಟೇ ಇರಲಿಲ್ಲ! ಕೇಳಿದರೆ ‘ಇಲ್ಲೇ ಬಂದಿದ್ದೆ’ ಎಂದು ನಕ್ಕರು. ಬಾಗಿಲು ತೆಗೆಯಲಿಲ್ಲ, ಹೋದರು. ಫೋಟೋದಲ್ಲೇ ಅಡ್ರೆಸ್ ಇರುತ್ತೆ ಅಂತಾರೆ ಪಕ್ಕದ ಮನೆಯವರು. ಸುಮ್ನೆ ಹೆದರ್ತೀಯ ಅಂತಾನೆ ಮಗ. ಯಾರ ಮಾತು ನಿಜ? ಫೋಟೋ ತೆಗೆಯೋದನ್ನೇ ಬಿಡಬೇಕಾ?

– ಹೆಸರು ಬೇಡ ಎಂದ ಓದುಗರು, ಬನಶಂಕರಿ 2ನೇ ಹಂತ

ಸಂಪಾದಕರ ಉತ್ತರ

ಪಕ್ಕದ ಮನೆಯವರ ಮಾತೇ ನಿಜ. ಮಗನಿಗೆ ಈ ಪುಟ ತೋರಿಸಿ.

ಪತ್ರ ಬಂದ ದಿನವೇ ನಿಮಗೆ ಫೋನ್ ಮಾಡಿ, ಆತನಿಗೆ ಕಳಿಸಿದ್ದನ್ನು ನನಗೂ ಕಳಿಸಿ ಎಂದು ಕೇಳಿದ್ದೆ. ಎರಡು ಬಂದವು. ಒಂದು ಮಾಮೂಲಿ ಫೋಟೋ, ಇನ್ನೊಂದು ಡಾಕ್ಯುಮೆಂಟ್. ಎರಡನ್ನೂ ಫೋನಿಗೆ ಇಳಿಸಿಕೊಂಡು ಗ್ಯಾಲರಿಯಲ್ಲಿ ತೆರೆದೆ. ಕಣ್ಣಿಗೆ ಎರಡೂ ಒಂದೇ: ಕಪ್ಪು ಮೆಷಿನ್, ಅದರ ಮೇಲೆ ಮಾಸಿದ ಚಿನ್ನದ ಬಳ್ಳಿ. ಮೊದಲನೆಯದನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದೆ. ಏನೂ ಇಲ್ಲ. ಎರಡನೆಯದನ್ನು ತಳ್ಳಿದೆ. ಕೆಳಗೆ ಪುಟ್ಟ ಮ್ಯಾಪ್ ಬಂತು. ಮುಟ್ಟಿದೆ, ದೊಡ್ಡದಾಯಿತು. ಸ್ಯಾಟಲೈಟ್ ಚಿತ್ರಕ್ಕೆ ಬದಲಿಸಿದೆ. ಒಂದು ತಾರಸಿಯ ಮೇಲೆ ಕೆಂಪು ಗುರುತು ಕೂತಿತ್ತು. ‘ನಿಮ್ಮ ತಾರಸಿ ಮೇಲೆ ಎರಡು ಕರಿ ಟ್ಯಾಂಕ್ ಇವೆಯಾ?’ ಎಂದು ಕೇಳಿದಾಗ ನೀವು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆತ ಹೀಗೇ ಬಂದ ಎಂದು ನಾನು ಆಣೆ ಮಾಡಲಾರೆ. ಆದರೆ ಹೀಗೆ ಬರುವುದಕ್ಕೆ ಅರ್ಧ ನಿಮಿಷ ಸಾಕು.

ಹಿಂದೆ ಸ್ಟುಡಿಯೋ ಫೋಟೋದ ಬೆನ್ನಿಗೆ ‘ಲಾಲ್‌ಬಾಗ್, ಅಕ್ಕನ ಮದುವೆ ಮಾರನೇ ದಿನ’ ಎಂದು ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದರಲ್ಲ, ಈಗ ಅದನ್ನು ಕ್ಯಾಮೆರಾನೇ ಬರೆಯುತ್ತದೆ. ಈ ಬರಹಕ್ಕೆ ಎಕ್ಸಿಫ್ ಎಂದು ಹೆಸರು. 1995ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದವರು ಮಾಡಿಕೊಂಡ ಕಟ್ಟಳೆ. ಯಾವ ಕ್ಯಾಮೆರಾ, ಎಷ್ಟು ಗಂಟೆಗೆ, ಶಟರ್ ಎಷ್ಟು ಹೊತ್ತು ತೆರೆದಿತ್ತು, ಫೋಟೋ ಅಡ್ಡವೋ ಉದ್ದವೋ, ಇಂಥವೆಲ್ಲ ಫೋಟೋದ ಜೊತೆಗೇ ಕೂತಿರಲಿ ಅಂತ. ಫೋಟೋ ತೆಗೆಯುವವರಿಗೆ ಇದು ತುಂಬಾ ಉಪಯೋಗ. ಜಾಗ ಬರೆಯುವುದಕ್ಕೂ ಅದರಲ್ಲಿ ಖಾನೆಗಳಿವೆ: ಅಕ್ಷಾಂಶ, ರೇಖಾಂಶ, ಎತ್ತರ, ಕ್ಯಾಮೆರಾ ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದೂ ಸೇರಿ. ಜಿಪಿಎಸ್ ಇರುವ ಫೋನ್ ಕೈಗೆ ಬಂದ ಮೇಲೆ ಆ ಖಾನೆಗಳು ತಾವಾಗಿಯೇ ತುಂಬತೊಡಗಿದವು.

ಎಷ್ಟು ನಿಖರ ಎಂದು ಬೆಂಗಳೂರಿನ ಲೆಕ್ಕದಲ್ಲೇ ಹೇಳುತ್ತೇನೆ. ಲಾಲ್‌ಬಾಗ್ ಇರುವುದು 12 ಡಿಗ್ರಿ 57 ನಿಮಿಷ ಉತ್ತರ, 77 ಡಿಗ್ರಿ 35 ನಿಮಿಷ ಪೂರ್ವದಲ್ಲಿ. ಅಷ್ಟೇ ಹೇಳಿದರೆ ಯಾರೂ ಯಾರ ಮನೆಗೂ ಬರಲಾರರು. ಅಕ್ಷಾಂಶದ ಒಂದು ನಿಮಿಷ ಎಂದರೆ ನೆಲದ ಮೇಲೆ ಸುಮಾರು 1.85 ಕಿಲೋಮೀಟರ್, ಅಷ್ಟರಲ್ಲಿ ಅರ್ಧ ಬಡಾವಣೆ ಮುಗಿಯುತ್ತದೆ. ಆದರೆ ಆ ನಿಮಿಷದೊಳಗೆ 60 ಸೆಕೆಂಡ್ ಇವೆ. ಒಂದು ಸೆಕೆಂಡ್ ಸುಮಾರು 31 ಮೀಟರ್. ನಮ್ಮ 30-40 ಸೈಟಿನ ಮನೆಗಳನ್ನು ಸಾಲಾಗಿ ನಿಲ್ಲಿಸಿದರೆ ಮೂರು ಮನೆ. ಫೋನು ಸೆಕೆಂಡನ್ನೂ ಮುರಿದು, ದಶಾಂಶ ಹಾಕಿ ಬರೆಯುತ್ತದೆ. ಬಯಲಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಇರುತ್ತದೆ, ಮನೆಯೊಳಗೆ ಇನ್ನೂ ಜಾಸ್ತಿ ತಪ್ಪುತ್ತದೆ. ತಪ್ಪಿದರೂ ಎಲ್ಲಿಗೆ? ನಿಮ್ಮ ಪಕ್ಕದ ಮನೆಗೆ. ಅಲ್ಲಿ ಕೇಳಿದರೆ ‘ಹೊಲಿಗೆ ಮೆಷಿನ್ ಇರೋ ಮನೆನಾ, ಇದರ ಆಚೆ’ ಎಂದು ಅವರೇ ತೋರಿಸುತ್ತಾರೆ.

ಈ ಊರಲ್ಲಿ ಪಾರ್ಸಲ್ ತರುವ ಹುಡುಗನಿಗೆ ‘ಗಣೇಶನ ಗುಡಿ ದಾಟಿ, ನಂದಿನಿ ಬೂತ್ ಹತ್ತಿರ ಎಡಕ್ಕೆ, ಮೂರನೇ ಕ್ರಾಸ್ ಅಲ್ಲ, ಮೂರನೇ ‘ಎ’ ಕ್ರಾಸ್’ ಎಂದು ಹತ್ತು ನಿಮಿಷ ಹೇಳಿದರೂ ಅವನು ಹಿಂದಿನ ಬೀದಿಯಲ್ಲೇ ನಿಂತಿರುತ್ತಾನೆ. ಫೋಟೋಗೆ ಆ ಕಷ್ಟವೇ ಇಲ್ಲ.

ಈಗ ಮುಖ್ಯ ವಿಷಯ. ವಾಟ್ಸಾಪ್‌ನಲ್ಲಿ ಫೋಟೋವನ್ನು ಫೋಟೋ ಆಗಿಯೇ ಕಳಿಸಿದರೆ ಅದು ಕುಗ್ಗುತ್ತದೆ, ಕುಗ್ಗುವಾಗ ಈ ಬರಹವೂ ಉದುರಿಹೋಗುತ್ತದೆ. ನೀವು ಮೊದಲು ಕಳಿಸಿದ್ದು ಖಾಲಿ ಇದ್ದದ್ದು ಅದಕ್ಕೇ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲನ್ನು ಮುಟ್ಟುವುದಿಲ್ಲ. ಇದ್ದದ್ದು ಇದ್ದ ಹಾಗೇ, ಮನೆ ವಿಳಾಸದ ಸಮೇತ ಹೋಗುತ್ತದೆ. ಟೆಲಿಗ್ರಾಂನಲ್ಲಿ ಫೈಲ್ ಆಗಿ ಕಳಿಸಿದರೂ ಇದೇ ಕಥೆ, ಇಮೇಲ್‌ಗೆ ಲಗತ್ತಿಸಿದರೂ ಇದೇ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳು ಬೇರೆಯವರಿಗೆ ತೋರಿಸುವ ಪ್ರತಿಯಿಂದ ಇದನ್ನು ತೆಗೆಯುತ್ತವೆ. ಕಂಪನಿಯ ಕೈಗೆ ಮಾತ್ರ ಆ ಬರಹ ಸಿಕ್ಕಿರಬಹುದು, ಅದು ಬೇರೆ ಜಗಳ. ಒಟ್ಟಿನಲ್ಲಿ ನಾವು ಸಾಮಾನ್ಯವಾಗಿ ಹೆದರುವ ಕಡೆ ಸೋರಿಕೆ ಕಡಿಮೆ. ‘ಕ್ಲಿಯರ್ ಆಗಿ ಕಳಿಸಿ’ ಎಂದು ಯಾರೋ ಕೇಳಿದಾಗ ಒಳ್ಳೆ ಮನಸ್ಸಿನಿಂದ ಕಳಿಸುತ್ತೇವಲ್ಲ, ಅಲ್ಲೇ ಸೋರುವುದು.

ಹಾಗೆ ಕೇಳುವವರೆಲ್ಲ ಕಳ್ಳರೇನಲ್ಲ. ಕೇಳಿದವರಲ್ಲಿ ನಾವೂ ಇದ್ದೇವೆ! ಕಳೆದ ಸಂಕ್ರಾಂತಿಗೆ ನಮ್ಮ ಪತ್ರಿಕೆ ರಂಗೋಲಿ ಫೋಟೋ ಸ್ಪರ್ಧೆ ಮಾಡಿತ್ತು, ನೆನಪಿರಬಹುದು. ‘ಮೂಲ ಫೈಲನ್ನೇ ಇಮೇಲ್ ಮಾಡಿ, ವಾಟ್ಸಾಪ್ ಫೋಟೋ ಬೇಡ’ ಎಂದು ದಪ್ಪಕ್ಷರದಲ್ಲಿ ಹಾಕಿದ್ದು ನಾನೇ. ಅಚ್ಚಿಗೆ ದೊಡ್ಡ ಫೋಟೋ ಬೇಕಲ್ಲ. ನಿಮ್ಮ ಪತ್ರ ಓದಿದ ಸಂಜೆ ಆ ಇಮೇಲ್‌ಗಳನ್ನು ತೆರೆದು ಕೂತೆ. ರಂಗೋಲಿ ಹಾಕುವುದು ಎಲ್ಲಿ? ಮನೆ ಬಾಗಿಲಲ್ಲಿ. ತೆರೆದ ಮೊದಲ ಹತ್ತರಲ್ಲಿ ಆರಕ್ಕೆ ಮ್ಯಾಪ್ ಇತ್ತು. ಮಲ್ಲೇಶ್ವರದ ಒಂದು ಗೇಟು, ಹೊಸಕೆರೆಹಳ್ಳಿಯ ಒಂದು ವಠಾರ. ಬೆಳಗ್ಗೆ 6 ಗಂಟೆ 10 ನಿಮಿಷಕ್ಕೆ ಯಾರು ಬಾಗಿಲಲ್ಲಿ ಕೂತಿದ್ದರು ಎಂಬುದೂ ಇತ್ತು. ಹನ್ನೊಂದನೆಯದನ್ನು ತೆರೆಯಲು ಮನಸ್ಸಾಗಲಿಲ್ಲ. ಎಲ್ಲವನ್ನೂ ಅಳಿಸಿದ್ದೇವೆ, ಕ್ಷಮೆ ಕೇಳುತ್ತೇನೆ.

ಈ ವಿಷಯದಲ್ಲಿ ಎಡವಿದ ಪತ್ರಿಕೆಯವರಲ್ಲಿ ನಾವೇ ಮೊದಲಲ್ಲ. 2012ರ ಡಿಸೆಂಬರಿನಲ್ಲಿ ಆಂಟಿವೈರಸ್ ಕಂಪನಿ ಕಟ್ಟಿ ಹೆಸರಾಗಿದ್ದ ಜಾನ್ ಮೆಕಾಫಿ ಬೆಲೀಜ್ ದೇಶದ ಪೊಲೀಸರಿಂದ ತಪ್ಪಿಸಿಕೊಂಡು ತಿರುಗುತ್ತಿದ್ದರು. ನೆರೆಮನೆಯವರ ಕೊಲೆ ಪ್ರಕರಣದಲ್ಲಿ ಪೊಲೀಸರು ಅವರನ್ನು ವಿಚಾರಿಸಬೇಕಿತ್ತು. ಅವರ ಜೊತೆಗಿದ್ದ ‘ವೈಸ್’ ಪತ್ರಿಕೆಯವರು ‘ನಾವು ಈಗ ಮೆಕಾಫಿ ಜೊತೆಯಲ್ಲೇ ಇದ್ದೇವೆ’ ಎಂದು ಹೆಮ್ಮೆಯಿಂದ ಒಂದು ಐಫೋನ್ ಫೋಟೋ ಪ್ರಕಟಿಸಿದರು. ಫೋಟೋದೊಳಗೆ ಜಾಗ ಹಾಗೇ ಇತ್ತು: ಗ್ವಾಟೆಮಾಲಾದ ರಿಯೋ ಡುಲ್ಸೆ ಹತ್ತಿರ. ಕೆಲವೇ ದಿನಗಳಲ್ಲಿ ಮೆಕಾಫಿ ಅಲ್ಲಿಯ ಪೊಲೀಸರ ವಶದಲ್ಲಿದ್ದರು. ಕಂಪ್ಯೂಟರ್ ಸುರಕ್ಷತೆಯನ್ನೇ ಮಾರಿ ಶ್ರೀಮಂತನಾದ ಮನುಷ್ಯನ ಪಾಡೇ ಹೀಗಾದರೆ ನಿಮ್ಮನ್ನು ಯಾರು ಬೈಯಬೇಕು?

ಕಾನೂನು ಇಲ್ಲವಾ ಎಂದು ಕೇಳಬಹುದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮ ಬೆಂಗಳೂರಿನವರೇ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆಯೂ ಬಂತು. ಆದರೆ ನಿಮ್ಮ ಮಾಹಿತಿಯನ್ನು ನೀವೇ ಎಲ್ಲರಿಗೂ ಕಾಣುವಂತೆ ಹಾಕಿದ್ದರೆ ಆ ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ. ಹಾಗಾಗಿ ಜಾಹೀರಾತಿಗೆ ಹಾಕುವ ಫೋಟೋವನ್ನು ನೀವೇ ನೋಡಿಕೊಳ್ಳಬೇಕು. ಇನ್ನು ಆ ಮನುಷ್ಯ ಮತ್ತೆ ಬಂದರೆ ಅದು ಡೇಟಾ ವಿಷಯವೇ ಅಲ್ಲ. ಬಾಗಿಲು ತೆಗೆಯದೆ 112ಕ್ಕೆ ಫೋನ್ ಮಾಡಿ. ಆತನ ಮೆಸೇಜುಗಳನ್ನು ಅಳಿಸಬೇಡಿ.

ಫೋಟೋ ತೆಗೆಯುವುದನ್ನು ಬಿಡಬೇಕಾ? ಖಂಡಿತ ಬೇಡ. ಲೊಕೇಶನ್ ಅನ್ನೂ ಪೂರ್ತಿ ಆಫ್ ಮಾಡಿ ಎನ್ನಲು ನನಗೆ ಮನಸ್ಸಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆ ಈಗಿಲ್ಲ, ಆ ಜಾಗದಲ್ಲಿ ಅಡಿಕೆ ತೋಟ ಇದೆ. ಆದರೆ ಅಡುಗೆಮನೆಯ ಕಿಟಕಿ ಎಲ್ಲಿತ್ತು ಎಂದು ನನ್ನ ಫೋನಿಗೆ ಹೆಚ್ಚುಕಡಿಮೆ ಗೊತ್ತು. ಅದು ನನಗೆ ಬೇಕು. ಬೇರೆಯವರಿಗೆ ಕಳಿಸುವಾಗ ಕಳಚಿದರೆ ಸಾಕು. ಐಫೋನಿನಲ್ಲಿ ಶೇರ್ ಒತ್ತಿದಾಗ ಮೇಲೆ ‘ಆಪ್ಷನ್ಸ್’ ಎಂದಿರುತ್ತದೆ, ಅಲ್ಲಿ ಲೊಕೇಶನ್ ಆಫ್ ಮಾಡಿ. ವಿಂಡೋಸ್ ಕಂಪ್ಯೂಟರಿನಲ್ಲಾದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಡೀಟೇಲ್ಸ್‌ಗೆ ಹೋಗಿ, ತಳದಲ್ಲಿ ಅಳಿಸುವ ಸಾಲು ಇದೆ. ಮನೆಯೊಳಗಿನ ವಸ್ತು ಮಾರುವಾಗಂತೂ ಫೋಟೋ ತೆಗೆಯುವ ಮೊದಲೇ ಆಂಡ್ರಾಯ್ಡ್ ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ‘ಲೊಕೇಶನ್ ಟ್ಯಾಗ್’ ಅಥವಾ ‘ಸೇವ್ ಲೊಕೇಶನ್’ ಎಂದಿರುವುದನ್ನು ಆಫ್ ಮಾಡಿಬಿಡಿ. ಇದ್ಯಾವುದೂ ಬೇಡ ಎಂದರೆ ಫೋಟೋವನ್ನು ಪರದೆ ತುಂಬ ಇಟ್ಟು ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕಳಿಸಿ. ಆಗ ಮೂಲ ಫೋಟೋದ ಜಾಗ ಜೊತೆಗೆ ಹೋಗುವುದಿಲ್ಲ.

ಹಕ್ಕಿ-ಪ್ರಾಣಿ ಫೋಟೋ ತೆಗೆಯುವವರು ಈ ವಿಷಯದಲ್ಲಿ ನಮಗಿಂತ ಜಾಣರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಾಡುಪಾಪಗಳಿವೆ. ಮಾಟಮಂತ್ರದ ಹೆಸರಲ್ಲಿ ಹಿಡಿದು ಮಾರುವವರ ಕಾಟ ಈ ಪ್ರಾಣಿಗಿದೆ. ಹಾಗಾಗಿ ಅದು ಯಾವ ಮರದಲ್ಲಿತ್ತು ಎಂದು ತಿಳಿದವರು ಬಾಯಿ ಬಿಡುವುದಿಲ್ಲ.

ಒಂದು ಮಾತು ಬಾಕಿ ಇದೆ. ಕಣ್ಣಿಗೆ ಕಾಣುವುದನ್ನು ವಾಟ್ಸಾಪ್ ತಾನಾಗಿಯೇ ಅಳಿಸಿಕೊಡುವುದಿಲ್ಲ. ನಿಮ್ಮ ಮೊದಲ ಫೋಟೋ, ಅದೇ ಖಾಲಿ ಇದ್ದದ್ದು, ಅದನ್ನು ಮತ್ತೊಮ್ಮೆ ನೋಡಿ. ಮೆಷಿನ್ ಹಿಂದೆ ಕಿಟಕಿ ತೆರೆದಿದೆ. ಎದುರು ಮನೆಯ ‘ಬಾಡಿಗೆಗೆ ಇದೆ’ ಬೋರ್ಡ್, ಅದರಲ್ಲಿ ಫೋನ್ ನಂಬರ್. ಗೇಟಿನ ಹತ್ತಿರ ಸ್ಕೂಟರಿನ ‘ಕೆಎ-05’ ಪೂರ್ತಿ ಓದಬಹುದು. ಮೆಷಿನ್ ಮೇಲೆ ಮಡಚಿಟ್ಟ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್ ಅರ್ಧ ಕಾಣುತ್ತಿದೆ. ಗೋಡೆಗೆ ಸರಿಸಿ, ಹಿಂದೆ ಒಂದು ಬೆಡ್‌ಶೀಟ್ ಇಳಿಬಿಟ್ಟು ಮತ್ತೆ ತೆಗೆಯಿರಿ.

ಮೆಷಿನ್ ಇನ್ನೂ ಮಾರಾಟವಾಗಿಲ್ಲ ಎಂದು ಫೋನಿನಲ್ಲಿ ಹೇಳಿದಿರಿ. ನಮ್ಮ ಪುಟ ವಿನ್ಯಾಸ ಮಾಡುವವರು ಆ ಚಿನ್ನದ ಬಳ್ಳಿ ನೋಡಿದಾಗಿನಿಂದ ರೇಟು ಕೇಳುತ್ತಿದ್ದಾರೆ. ಹೊಸ ಫೋಟೋ ಕಳಿಸಿ. ಡಾಕ್ಯುಮೆಂಟ್ ಬೇಡ.