ಹೇಗೂ ಹೋಗುವವರು, ಕೊನೆಯ ದರ್ಜೆ ಅವರಿಗೇ ಇರಲಿ?

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಆರು ಜನರ ತಂಡಕ್ಕೆ ಲೀಡ್ ಆಗಿದ್ದೇನೆ. ಎಲ್ಲರೂ ಚೆನ್ನಾಗಿ ಕೆಲಸ ಮಾಡಿದ್ದಾರೆ. ಆದರೂ ವರ್ಷದ ಕೆಲಸವನ್ನು ಅಳೆಯುವ ಈ ಸಲದ ಅಪ್ರೈಸಲ್‌ನಲ್ಲಿ ಒಬ್ಬರಿಗೆ ಕೊನೆಯ ದರ್ಜೆ ಕೊಡಲೇಬೇಕೆಂದು ಮ್ಯಾನೇಜರ್ ಪಟ್ಟು ಹಿಡಿದಿದ್ದಾರೆ. ಬೋನಸ್ ಕೈಸೇರಿದ ಮೇಲೆ ರಾಜೀನಾಮೆ ಕೊಡುವುದಾಗಿ ತಂಡದ ಒಬ್ಬರು ನನ್ನಲ್ಲಿ ಗುಟ್ಟಾಗಿ ಹೇಳಿಕೊಂಡಿದ್ದಾರೆ. ಅವರ ಹೆಸರನ್ನೇ ಬರೆದರೆ ತಪ್ಪೇ? ಇಲ್ಲವೇ ನನ್ನ ಹೆಸರನ್ನೇ ಕೊಟ್ಟುಬಿಡಲೇ?

ಉತ್ತರ: ನಿಮ್ಮ ಹೆಸರಂತೂ ಬೇಡ. ತ್ಯಾಗವನ್ನು ನಮೂದಿಸುವ ಕಾಲಂ ಅಪ್ರೈಸಲ್ ಫಾರ್ಮಿನಲ್ಲಿ ಇರುವುದಿಲ್ಲ. ಲೀಡ್‌ಗಳನ್ನು ಸಾಮಾನ್ಯವಾಗಿ ಲೀಡ್‌ಗಳ ಸಾಲಿನಲ್ಲೇ ಅಳೆಯುವುದರಿಂದ, ನೀವು ಬಲಿಯಾದ ಮೇಲೂ ಮ್ಯಾನೇಜರ್ ಇನ್ನೊಂದು ಹೆಸರು ಕೇಳುತ್ತಾರೆ.

ಹೋಗುವವರ ಹೆಸರು ಬರೆಯುವ ಉಪಾಯವೂ ಹೊಸದಲ್ಲ. ಮಾರ್ಚ್ ಹತ್ತಿರವಾದಂತೆ, ಯಾರಾದರೂ ರಾಜೀನಾಮೆ ಕೊಡಲಪ್ಪಾ ಎಂದು ಮನಸ್ಸಿನಲ್ಲೇ ಹರಕೆ ಹೊರುವ ಲೀಡ್‌ಗಳಿಗೆ ಕೊರತೆಯಿಲ್ಲ. ರಾಜೀನಾಮೆ ಬಂದೊಡನೆ ಬಾಯಲ್ಲಿ "ಅಯ್ಯೋ, ಸ್ವಲ್ಪ ಯೋಚಿಸಿ ನೋಡಿ" ಎನ್ನುತ್ತಲೇ, ಎಕ್ಸೆಲ್ ಹಾಳೆ ತೆರೆದು ಆ ಹೆಸರನ್ನು ಕೊನೆಯ ಸಾಲಿಗೆ ಇಳಿಸುತ್ತಾರೆ. ಹೀಗೆ ಡಿಸೆಂಬರ್‌ವರೆಗೆ ತಂಡದ ಆಧಾರಸ್ತಂಭವಾಗಿದ್ದವರಲ್ಲಿ ಏಪ್ರಿಲ್ ವೇಳೆಗೆ "ಸ್ವಯಂಪ್ರೇರಣೆಯ ಕೊರತೆ" ಕಾಣಿಸಿಕೊಳ್ಳುತ್ತದೆ.

ಆದರೂ ನೀವು ಹಾಗೆ ಮಾಡುವುದು ಸಲ್ಲದು. ಕೊನೆಯ ದರ್ಜೆಯಿಂದ ಕತ್ತರಿ ಬೀಳುವ ಬೋನಸ್ ಕಳೆದ ವರ್ಷ ಮಾಡಿದ ಕೆಲಸಕ್ಕೆ ಸಲ್ಲಬೇಕಾದ ಹಣ. ಅವರು ಮುಂದೆ ಎಲ್ಲಿರುತ್ತಾರೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದಕ್ಕಿಂತ ಮುಖ್ಯವಾಗಿ, ನಿಮ್ಮನ್ನು ನಂಬಿ ಹೇಳಿದ ಗುಟ್ಟಿನಿಂದಲೇ ಅವರಿಗೆ ನಷ್ಟವಾದರೆ, ಉಳಿದ ಐವರೂ ಇನ್ನು ಮುಂದೆ ನಿಮ್ಮೆದುರು ಹವಾಮಾನದ ಹೊರತು ಬೇರೇನನ್ನೂ ಮಾತನಾಡುವುದಿಲ್ಲ. ಮೇಲಾಗಿ ಹೊರಟವರೆಲ್ಲ ಹೋಗಿಬಿಡುವುದೂ ಇಲ್ಲ: ಹೊಸ ಕಂಪನಿಯ ಆಫರ್ ಕೊನೆ ಗಳಿಗೆಯಲ್ಲಿ ತಪ್ಪಿಹೋದರೆ, ಮುಂದಿನ ಇಡೀ ವರ್ಷ ನಿಮ್ಮ ಎದುರಿನ ಕುರ್ಚಿಯಲ್ಲಿ ಅವರೇ ಕೂತಿರುತ್ತಾರೆ.

ಇನ್ನು ಲೆಕ್ಕದ ಮಾತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ನೌಕರರನ್ನು ಮೇಲಿನ ಶೇಕಡಾ 20, ನಡುವಿನ 70, ಕೊನೆಯ 10 ಎಂದು ವಿಂಗಡಿಸುವ ಪದ್ಧತಿಗೆ ಹೆಸರುವಾಸಿಯಾಗಿದ್ದರು. ಆ ಸೂತ್ರದಂತೆ ಆರು ಜನರ ತಂಡದಲ್ಲಿ ಕೊನೆಯ ದರ್ಜೆಗೆ ಸೇರಬೇಕಾದವರು 0.6 ಮನುಷ್ಯ. ಅಂಥ ನೌಕರನನ್ನು ಎಚ್‌ಆರ್ ವಿಭಾಗ ಇನ್ನೂ ನೇಮಿಸಿಕೊಂಡಿರಲಾರದು. ಆದ್ದರಿಂದ ಈ ಕೋಟಾ ನಿಮ್ಮ ತಂಡಕ್ಕೋ, ಇಡೀ ವಿಭಾಗಕ್ಕೋ ಎಂದು ಮ್ಯಾನೇಜರ್ ಅವರನ್ನು ಇಮೇಲ್‌ನಲ್ಲಿಯೇ ಕೇಳಿ. ಬಾಯಿಮಾತಿನಲ್ಲಿ ತಂಡದ್ದಾಗಿರುವ ಕೋಟಾ ಬರಹಕ್ಕೆ ಇಳಿಯುವಾಗ ವಿಭಾಗದ್ದಾಗುವುದುಂಟು. ಮೈಕ್ರೋಸಾಫ್ಟ್ ಇಂಥ ಕಡ್ಡಾಯ ಶ್ರೇಣೀಕರಣವನ್ನು 2013ರಲ್ಲೇ ಕೈಬಿಟ್ಟಿತೆಂದು ಅವರಿಗೆ ನೆನಪಿಸುವ ಆಸೆಯಾದರೆ, ನಿಮ್ಮದೇ ಅಪ್ರೈಸಲ್ ಮುಗಿಯುವವರೆಗೆ ತಡೆದುಕೊಳ್ಳಿ.

ದರ್ಜೆಗಳನ್ನು ಹೊಂದಿಸುವ ಸಭೆಗೆ ಹೋಗುವಾಗ "ಒಳ್ಳೆಯ ಹುಡುಗ" ಎಂಬ ಪ್ರಮಾಣಪತ್ರ ಕೆಲಸಕ್ಕೆ ಬರುವುದಿಲ್ಲ. ಯಾವ ರಾತ್ರಿ ಸರ್ವರ್ ಕೆಟ್ಟಿತು, ಯಾರು ಸರಿಪಡಿಸಿದರು, ಗ್ರಾಹಕರು ಏನೆಂದು ಬರೆದರು ಎಂಬುದನ್ನು ಆರೂ ಮಂದಿಯ ಹೆಸರಿನ ಎದುರು ತಾರೀಖಿನೊಂದಿಗೆ ಬರೆದುಕೊಂಡು ಹೋಗಿ. ಅವರವರ ಸ್ವಮೌಲ್ಯಮಾಪನದಿಂದ ಎತ್ತಿಕೊಳ್ಳಲು ಹೋಗಬೇಡಿ. ಅಲ್ಲಿರುವ "ಗ್ರಾಹಕಕೇಂದ್ರಿತ ಚಿಂತನೆ" ಬಹುಪಾಲು ಒಂದು ಇಮೇಲ್‌ಗೆ ಕೊಟ್ಟ ಉತ್ತರವಾಗಿರುತ್ತದೆ.

ಇಷ್ಟಾದರೂ ಒಂದು ಹೆಸರು ಕೊಡಲೇಬೇಕಾದರೆ, ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂಬುದನ್ನು ಬದಿಗಿಟ್ಟು, ಕಳೆದ ವರ್ಷದ ಕೆಲಸವನ್ನಷ್ಟೇ ತೂಗಿ ಕೊಡಿ. ದರ್ಜೆಯ ಪತ್ರ ಬರುವ ಮೊದಲೇ ಆ ವ್ಯಕ್ತಿಗೆ ನೀವೇ ಎದುರಿಗೆ ಕೂತು ಕಾರಣ ಹೇಳಿ, ಮೇಲ್ಮನವಿಗೆ ಅವಕಾಶವಿದ್ದರೆ ಅದರ ಕೊನೆಯ ದಿನಾಂಕವನ್ನೂ ತಿಳಿಸಿ.