ಹಾಡುವುದೋ, ಪಾಠ ಹೇಳುವುದೋ ಎಂದು ಕೇಳಿದವರಿಗೆ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೈಸೂರಿನಲ್ಲಿ ವಿದ್ವತ್ ಮುಗಿಸಿ, ಹತ್ತಾರು ಕಛೇರಿ ಮಾಡಿ, ಮದುವೆಯಾಗಿ ಅಮೆರಿಕದ ಸ್ಯಾನ್ ಹೊಸೆಗೆ ಬಂದು ಎಂಟು ತಿಂಗಳಾಗಿದೆ ಎಂದಿದ್ದೀರಿ. ಕಂಡವರೆಲ್ಲ "ಮನೆಯಲ್ಲೇ ಪಾಠ ಶುರು ಮಾಡಿ, ಮಕ್ಕಳು ಬೇಕಾದಷ್ಟು ಸಿಗುತ್ತಾರೆ" ಎನ್ನುತ್ತಾರೆ, ಇಪ್ಪತ್ತೊಂಬತ್ತನೆಯ ವಯಸ್ಸಿಗೇ ಸರಳೆ ವರಸೆ ಹೇಳಿಕೊಡುತ್ತ ಕುಳಿತರೆ ಗಾಯಕಿಯಾಗಿ ನನ್ನ ಕಥೆ ಮುಗಿದ ಹಾಗೆಯೇ, ಪರದೇಶದ ಬದುಕೆಂದರೆ ಇಷ್ಟೆಯೇ ಎಂದು ಕೇಳಿದ್ದೀರಿ.

ಮೊದಲು ಕಾಗದಪತ್ರದ ಮಾತು, ಏಕೆಂದರೆ ಅದನ್ನು ಯಾರೂ ನಿಮಗೆ ಹೇಳಿದಂತಿಲ್ಲ. ಎಚ್-1ಬಿ ಎಂಬ ಉದ್ಯೋಗ ವೀಸಾದವರ ಸಂಗಾತಿಗೆ ಕೊಡುವ ಎಚ್-4 ವೀಸಾದಲ್ಲಿರುವವರು ಇಎಡಿ ಎಂಬ ಉದ್ಯೋಗ ಅನುಮತಿಪತ್ರ ಇಲ್ಲದೆ ಹಣ ಪಡೆದು ಪಾಠ ಹೇಳುವಂತಿಲ್ಲ. ಮನೆಯ ಹಾಲಿನಲ್ಲಿ ಚಾಪೆ ಹಾಸಿ ಹೇಳಿಕೊಟ್ಟರೂ ಅದು ಕೆಲಸವೇ, ಸಂಭಾವನೆ ಪಡೆದು ಕಛೇರಿ ಮಾಡಿದರೂ ಅದು ಕೆಲಸವೇ. 2015ರಲ್ಲಿ ಬಂದ ನಿಯಮದಂತೆ, ನಿಮ್ಮ ಯಜಮಾನರ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದ್ದರೆ ಅಥವಾ ಅವರ ಎಚ್-1ಬಿ ಆರು ವರ್ಷದ ಮಿತಿಯನ್ನು ದಾಟಿ ವಿಸ್ತರಣೆಯಾಗಿದ್ದರೆ ನೀವು ಆ ಪತ್ರಕ್ಕೆ ಅರ್ಜಿ ಹಾಕಬಹುದು. ಒಬ್ಬ ವಕೀಲರನ್ನು ಕೇಳದೆ ಒಂದು ಡಾಲರನ್ನೂ ಮುಟ್ಟಬೇಡಿ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಅದಕ್ಕೆ ನನ್ನ ಅನುಭವಕ್ಕಿಂತ ಒಬ್ಬ ಜರ್ಮನ್ ಗಾಯಕಿಯ ಬದುಕು ಒಳ್ಳೆಯ ಉತ್ತರ ಕೊಡುತ್ತದೆ ಎಂಬುದು ನನ್ನ ನಂಬಿಕೆ. ನಾನು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಸಾಂಟಾ ಬಾರ್ಬರಾ ಪಕ್ಕದ ಗೊಲೀಟಾದಲ್ಲಿದ್ದೇನೆ. ಇಲ್ಲಿನ ವಿಶ್ವವಿದ್ಯಾಲಯದ ಸಂಗೀತ ಸಭಾಂಗಣಕ್ಕೆ ಆ ಗಾಯಕಿ ಲೋಟೆ ಲೇಮನ್ ಅವರ ಹೆಸರಿಟ್ಟಿದ್ದಾರೆ. ಬಂದ ಹೊಸತರಲ್ಲಿ ಆ ಹೆಸರನ್ನು ಓದಿ, ಯಾರೋ ದಾನಿಯಿರಬೇಕು ಎಂದುಕೊಂಡಿದ್ದೆ. ಅವರು ಯಾರೆಂದು ತಿಳಿದ ಮೇಲೆ ಅವರ ಹಾಡನ್ನೂ ಪಾಠವನ್ನೂ ಕೇಳುತ್ತ ಬಂದಿದ್ದೇನೆ, ಇಂದಿಗೂ ಸಾಕೆನಿಸಿಲ್ಲ.

ಅವರು ಹುಟ್ಟಿದ್ದು 1888ರಲ್ಲಿ, ಬರ್ಲಿನ್ ಮತ್ತು ಹ್ಯಾಂಬರ್ಗ್ ನಡುವಿನ ಪೆರ್ಲೆಬೆರ್ಗ್ ಎಂಬ ಸಣ್ಣ ಊರಿನಲ್ಲಿ. ಬರ್ಲಿನ್ನಿನಲ್ಲಿ ಕಲಿಯುವಾಗ ಒಂದು ಹೆಸರಾಂತ ಗಾಯನ ಶಾಲೆ ಅವರನ್ನು ಪ್ರಯೋಜನವಿಲ್ಲವೆಂದು ಹೊರಗೆ ಕಳುಹಿಸಿತು. ಆಗ ಕೈಹಿಡಿದವರು ಮಾಟಿಲ್ಡೆ ಮಾಲಿಂಗರ್. 1868ರಲ್ಲಿ ಜರ್ಮನ್ ಸಂಗೀತ ರಚನಕಾರ ವಾಗ್ನರ್‌ನ ಮೈಸ್ಟರ್‌ಸಿಂಗರ್ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಮೊದಲ ಬಾರಿ ರಂಗಕ್ಕೆ ಬಂದಾಗ ಅದರ ನಾಯಕಿಯಾಗಿ ಹಾಡಿದ್ದ ಆಕೆ ಮುಪ್ಪಿನಲ್ಲಿ ಪಾಠ ಹೇಳುತ್ತಿದ್ದರು. ರಂಗ ಬಿಟ್ಟ ಆ ಹಿರಿಯ ಗಾಯಕಿ ಶಿಷ್ಯರನ್ನು ಬೇಡವೆಂದಿದ್ದರೆ ಲೇಮನ್ ಎಂಬ ಗಾಯಕಿಯೇ ಇರುತ್ತಿರಲಿಲ್ಲ. ಪಾಠ ಹೇಳುವುದನ್ನು ಎರಡನೆಯ ದರ್ಜೆಯ ಕೆಲಸವೆಂದು ಹೇಳುವವರು ಸಿಕ್ಕಾಗಲೆಲ್ಲ ನನಗೆ ಮಾಲಿಂಗರ್ ನೆನಪಾಗುತ್ತಾರೆ.

1910ರಲ್ಲಿ ಹ್ಯಾಂಬರ್ಗಿನಲ್ಲಿ ಅವರಿಗೆ ಸಿಕ್ಕ ಮೊದಲ ಪಾತ್ರ ಮೊಜಾರ್ಟ್‌ನ ಮಾಯಾ ಕೊಳಲು ಎಂಬ ಒಪೆರಾದಲ್ಲಿ ಬರುವ ಮೂವರು ಬಾಲಕರಲ್ಲಿ ಎರಡನೆಯವನದು. ಎರಡು ವರ್ಷದ ಬಳಿಕ ಆಟೊ ಕ್ಲೆಂಪೆರರ್ ಎಂಬ ತರುಣ ವಾದ್ಯವೃಂದ ನಿರ್ದೇಶಕನ ಕೈಕೆಳಗೆ ವಾಗ್ನರ್‌ನ ಒಪೆರಾ ಲೋಹೆನ್‌ಗ್ರಿನ್ನಿನ ನಾಯಕಿ ಎಲ್ಸಾ ಆಗಿ ಹಾಡಿದಾಗ ಊರು ತಿರುಗಿ ನೋಡಿತು. 1916ರಿಂದ ವಿಯೆನ್ನಾ ಅವರ ಮನೆಯಾಯಿತು. ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ತಮ್ಮ ಹೊಸ ಒಪೆರಾಗಳ ಪಾತ್ರಗಳನ್ನು ಅವರ ಕೈಗೆ ಕೊಟ್ಟರು. ಸ್ಟ್ರಾಸ್‌ನ ರೋಸೆನ್‌ಕವಾಲಿಯರ್‌ನಲ್ಲಿ ಮೂರು ದೊಡ್ಡ ಸ್ತ್ರೀಕಂಠದ ಪಾತ್ರಗಳಿವೆ. ತರುಣಿ ಸೋಫಿ, ಹುಡುಗನ ವೇಷದ ಆಕ್ಟೇವಿಯನ್, ವಯಸ್ಸು ಜಾರುತ್ತಿರುವುದನ್ನು ಅರಿತ ಸೇನಾಪತಿಯ ಪತ್ನಿ ಮಾರ್ಷಲಿನ್, ಈ ಮೂವರನ್ನೂ ಅವರು ಹಾಡಿದವರು. 1934ರಲ್ಲಿ 'ಮೆಟ್' ಎಂದೇ ಹೆಸರಾದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ವಾಗ್ನರ್‌ನ ನಾಯಕಿ ಸೀಗ್ಲಿಂಡೆಯಾಗಿ ಮೊದಲ ಸಲ ಹಾಡಿದಾಗ ಅವರಿಗೆ ನಲವತ್ತೈದು ವರ್ಷ.

ನಾಲ್ಕು ವರ್ಷದ ಬಳಿಕ ಮನೆ ಹೋಯಿತು. 1938ರ ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಲೇಮನ್ ಅವರ ಪತಿಯ ಮೊದಲ ಮದುವೆಯ ಮಕ್ಕಳ ತಾಯಿ ಯೆಹೂದಿಯಾಗಿದ್ದುದರಿಂದ ಆ ಮಕ್ಕಳ ಪ್ರಾಣದ ಚಿಂತೆ ಇವರದಾಯಿತು. ಆ ಮೇ ತಿಂಗಳಲ್ಲಿ ಲಂಡನ್ನಿನ ಒಪೆರಾ ಮಂದಿರ ಕವೆಂಟ್ ಗಾರ್ಡನ್‌ನಲ್ಲಿ, ಅದೆಷ್ಟೋ ಸಲ ಹಾಡಿ ಪಳಗಿದ್ದ ಗಂಟಲಿನಿಂದ ಮಾರ್ಷಲಿನ್ ಪಾತ್ರ ಮಾಡುತ್ತಿದ್ದಾಗ, ಮೊದಲ ಅಂಕದ ನಡುವೆ ಹಾಡು ನಿಂತುಹೋಯಿತು. ಮುಂದುವರಿಸಲಾರೆನೆಂದು ಅವರು ರಂಗದಿಂದ ಹೊರನಡೆದರು. ಸಭಿಕರ ನಡುವೆ ಕುಳಿತಿದ್ದ ಹಿಲ್ಡೆ ಕೊನೆಟ್ಸ್ನಿ ಎಂಬ ಗಾಯಕಿ ಎದ್ದು ಹೋಗಿ ಉಳಿದ ಭಾಗವನ್ನು ಹಾಡಿ ಮುಗಿಸಿದರು. ಇಂಥ ಕಲಾವಿದೆಗೂ ಶಾರೀರವೆಂಬುದು ಗಂಟಲಿನ ವಿದ್ಯೆ ಮಾತ್ರವಲ್ಲ, ನೆಮ್ಮದಿಯ ಮೇಲೆ ನಿಂತ ವಿದ್ಯೆ. ಬಂದ ಎಂಟು ತಿಂಗಳಲ್ಲಿ ನಿಮ್ಮ ಮೇಲುಸ್ಥಾಯಿ ಏಕೋ ಹತ್ತುತ್ತಿಲ್ಲ ಎಂದು ಬರೆದಿದ್ದೀರಲ್ಲ, ಅದಕ್ಕೆ ಗಾಬರಿಯಾಗಬೇಡಿ.

ಅಮೆರಿಕಕ್ಕೆ ಬಂದಾಗ ಅವರಿಗೆ ಐವತ್ತು. ಮರುವರ್ಷದ ಆರಂಭದಲ್ಲೇ ಪತಿ ಕ್ಷಯದಿಂದ ತೀರಿಕೊಂಡರು. ಆಗಲೂ ಅವರು ಹಾಡು ಬಿಟ್ಟು ಪಾಠಕ್ಕೆ ಕೂರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಒಪೆರಾದ ಭಾರೀ ಪಾತ್ರಗಳನ್ನು ಒಂದೊಂದಾಗಿ ಕಳಚುತ್ತ, ಪಿಯಾನೊ ಒಂದರ ಜತೆಗೆ ಹಾಡುವ ಲೀಡ್ ಎಂಬ ಜರ್ಮನ್ ಭಾವಗೀತೆಗಳ ಕಡೆಗೆ ಹೆಚ್ಚು ಹೆಚ್ಚು ವಾಲಿದರು. ಮೆಟ್‌ನಲ್ಲಿ ಕೊನೆಯ ಸಲ ಹಾಡಿದ್ದು 1945ರಲ್ಲಿ, ಅಮೆರಿಕದ ಪೌರತ್ವ ಪಡೆದದ್ದೂ ಅದೇ ವರ್ಷ. ಆಮೇಲೂ ಆರು ವರ್ಷ ಭಾವಗೀತೆಗಳ ಕಛೇರಿ ನಡೆಸಿದರು.

1951ರ ಫೆಬ್ರವರಿ 16ರಂದು, ಅರವತ್ತಮೂರು ತುಂಬಲು ಹನ್ನೊಂದು ದಿನ ಉಳಿದಿದ್ದಾಗ, ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಕಛೇರಿಯ ನಡುವೆ ಅವರು ಸಭೆಯ ಎದುರು ನಿಂತು, ಈ ಊರಿನಲ್ಲಿ ಇದು ನನ್ನ ಕೊನೆಯ ಕಛೇರಿ ಎಂದರು. ಬೇಡ, ಬೇಡ ಎಂಬ ಕೂಗು ಎದ್ದಿತು. ಅದರ ಧ್ವನಿಮುದ್ರಣ ಉಳಿದಿದೆ. ಕೊನೆಗೆ, ಸಂಗೀತಕ್ಕೇ ಕೃತಜ್ಞತೆ ಹೇಳುವ ಶೂಬರ್ಟ್‌ನ ಪುಟ್ಟ ಹಾಡನ್ನು ಎತ್ತಿಕೊಂಡರು. ಕೊನೆಯ ಸಾಲು, 'ನಿನಗೆ ನನ್ನ ವಂದನೆ' ಎಂಬ ಅರ್ಥದ ಮಾತು, ಬಾಯಿಂದ ಹೊರಡಲಿಲ್ಲ. ಪಿಯಾನೊದ ಮುಂದಿದ್ದ ಪೌಲ್ ಉಲನೊವ್‌ಸ್ಕಿ ತಮ್ಮ ಪಾಡಿಗೆ ನುಡಿಸುತ್ತ ಹಾಡನ್ನು ದಡ ಮುಟ್ಟಿಸಿದರು. ಕೇಳುವಾಗ ಆ ಖಾಲಿ ಜಾಗಕ್ಕೆ ಬಂದರೆ ನನಗೆ ಇಂದಿಗೂ ಕೈಯಲ್ಲಿನ ಕೆಲಸ ನಿಲ್ಲುತ್ತದೆ.

ಪಾಠದ ಬದುಕು ಅವರದು ಆಗಲೇ ಮೊಳೆತಿತ್ತು. 1947ರಲ್ಲಿ ಸಾಂಟಾ ಬಾರ್ಬರಾ ಸೀಮೆಯಲ್ಲಿ ಮ್ಯೂಸಿಕ್ ಅಕಾಡೆಮಿ ಆಫ್ ದಿ ವೆಸ್ಟ್ ಎಂಬ ಬೇಸಿಗೆ ಶಾಲೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಹ್ಯಾಂಬರ್ಗಿನ ಅದೇ ಕ್ಲೆಂಪೆರರ್, ಅವರೂ ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರೇ, ಆ ಗುಂಪಿನಲ್ಲಿದ್ದರು. ಅಲ್ಲಿ ಲೇಮನ್ ಕಲಿಸಿದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು, ತಾವು ಏನನ್ನು ಕಲಿಸಬಲ್ಲೆವು, ಏನನ್ನು ಕಲಿಸಲಾರೆವು ಎಂಬ ಅವರ ಸ್ಪಷ್ಟ ತಿಳಿವಳಿಕೆ. ಸಾಲಿನ ನಡುವೆ ಉಸಿರು ತೆಗೆದುಕೊಳ್ಳುತ್ತಾರೆ ಎಂಬ ಆಕ್ಷೇಪ ಅವರ ಮೇಲೆ ಜೀವನವಿಡೀ ಇತ್ತು. ಗಂಟಲಿನ ತಾಂತ್ರಿಕ ಸಾಧನೆಗೆ ಶಿಷ್ಯರು ಬೇರೆಯವರ ಹತ್ತಿರ ಹೋಗುತ್ತಿದ್ದರು. ಇವರು ಕಲಿಸುತ್ತಿದ್ದುದು ಅರ್ಥವನ್ನು: ಮಾತಿಗೆ ಸ್ವರ ಏಕೆ ಹೀಗೆ ಬಾಗಿದೆ, ಈ ಹೆಣ್ಣು ಯಾರು, ಅವಳು ಯಾರ ಮುಖ ನೋಡಿ ಹಾಡುತ್ತಿದ್ದಾಳೆ ಎಂಬುದನ್ನು.

1961ರಲ್ಲಿ ಚಿತ್ರೀಕರಿಸಿದ ಅವರ ಪಾಠಗಳನ್ನು ಹುಡುಕಿ ನೋಡಿ. ಎಪ್ಪತ್ತು ದಾಟಿದ ಹಿರಿಯರು, ಒಡೆದ ದನಿ. ತಾವೇ ಒಂದು ಸಾಲನ್ನು ಅರ್ಧ ಮಾತಿನಂತೆ, ಅರ್ಧ ಹಾಡಿನಂತೆ ಹೇಳಿ ತೋರಿಸುತ್ತಾರೆ. ಸ್ವರ ಹೊರಡುವ ಮೊದಲೇ ಮುಖ ಬದಲಾಗಿರುತ್ತದೆ. ಪಿಯಾನೊ ಒಂದೇ ನುಡಿಯುವ ಪೀಠಿಕೆಯಲ್ಲೇ ಗಾಯಕಿ ಹಾಡಿನೊಳಗಿರಬೇಕು, ಬಾಯಿ ಮುಚ್ಚಿದ ಮೇಲೂ ಪಿಯಾನೊ ಮುಗಿಯುವವರೆಗೆ ಅದರಿಂದ ಹೊರಬರಬಾರದು ಎಂಬುದು ಅವರ ಪಟ್ಟು. ತಂಬೂರಿ ಮೀಟಿ ಕಣ್ಣು ಮುಚ್ಚಿ ಕೂತು, ಆಲಾಪನೆ ಎತ್ತುವ ಮುನ್ನ ರಾಗದೊಳಗೆ ಇಳಿಯುವ ಆ ಕ್ಷಣ ನಿಮಗೆ ಗೊತ್ತಿದೆ. ಅದನ್ನು ಮಾತಿನಲ್ಲಿ ಕಲಿಸಬಹುದು ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಇನ್ನೊಂದು ವಿಷಯ, ತಮ್ಮನ್ನು ಅನುಕರಿಸುವ ಶಿಷ್ಯರನ್ನು ಅವರು ಒಪ್ಪುತ್ತಿರಲಿಲ್ಲ. ಗುರು ಹಾಡಿದಂತೆಯೇ ಹಾಡಿ ಕಲಿಯುವ ಪಾಠಾಂತರದ ನಮ್ಮ ಪದ್ಧತಿಯಲ್ಲಿ ಬೆಳೆದ ನನಗೆ ಇದನ್ನು ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು.

ಅವರ ಶಿಷ್ಯೆಯರಲ್ಲಿ ಗ್ರೇಸ್ ಬಂಬ್ರಿ ಅವರ ಕಥೆಯನ್ನು ಹೇಳಲೇಬೇಕು. ಸೇಂಟ್ ಲೂಯಿಸ್‌ನ ಕಪ್ಪು ಹುಡುಗಿ. ಹದಿಹರೆಯದಲ್ಲಿ ಸ್ಪರ್ಧೆಯೊಂದನ್ನು ಗೆದ್ದಾಗ ಬಹುಮಾನವಾಗಿ ಬಂದ ಸಂಗೀತ ಶಾಲೆಯ ವಿದ್ಯಾರ್ಥಿವೇತನ ಬಣ್ಣದ ಕಾರಣಕ್ಕೆ ಕೈತಪ್ಪಿತ್ತು. ಲೇಮನ್ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದಾಗ ಅವಳ ದನಿ ಕೇಳಿ ಸಾಂಟಾ ಬಾರ್ಬರಾಕ್ಕೆ ಕರೆದರು. ಒಂದು ಬೇಸಿಗೆಗೆಂದು ಬಂದವಳ ಪಾಠ ಮೂರು ವರ್ಷವನ್ನೂ ಮೀರಿ ನಡೆಯಿತು. ಭಾವಗೀತೆ ಹಾಡಿಕೊಂಡಿರುತ್ತೇನೆ ಎನ್ನುತ್ತಿದ್ದವಳನ್ನು ಒಪೆರಾದ ಕಡೆಗೆ ತಿರುಗಿಸಿದವರೂ ಲೇಮನ್ ಅವರೇ. 1961ರಲ್ಲಿ, ವಾಗ್ನರ್‌ನ ಸ್ವಂತ ರಂಗಮಂದಿರವಾದ ಬೈರೊಯ್ಟ್‌ನಲ್ಲಿ, ಅವರ ಬಣ್ಣದ ಕುರಿತ ಪತ್ರಿಕೆಗಳ ಆಕ್ಷೇಪಗಳ ನಡುವೆ ಬಂಬ್ರಿ ಪ್ರೇಮದೇವತೆ ವೀನಸ್ ಪಾತ್ರ ಹಾಡಿದರು. ಅರ್ಧ ಗಂಟೆ ಚಪ್ಪಾಳೆ ನಿಲ್ಲದೆ 42 ಸಲ ತೆರೆ ಮುಂದೆ ಬರಬೇಕಾಯಿತು. ಜರ್ಮನಿಯನ್ನು ಬಿಟ್ಟು ಬಂದವರೊಬ್ಬರ ಪಾಠ ಹೀಗೆ ಜರ್ಮನಿಗೇ ಮರಳಿತು. ಮರುವರ್ಷ ಮೆಟ್‌ನಲ್ಲಿ ರೋಸೆನ್‌ಕವಾಲಿಯರ್‌ನ ಹೊಸ ಪ್ರಯೋಗಕ್ಕೆ ರಂಗನಿರ್ದೇಶನದ ಹೊಣೆ ಹೊತ್ತವರಲ್ಲಿ ಲೇಮನ್ ಒಬ್ಬರಾಗಿದ್ದರು. ಫ್ರೆಂಚ್ ಗಾಯಕಿ ರೆಜೀನ್ ಕ್ರೆಸ್ಪಾಂ ಅದರಲ್ಲಿ ಮಾರ್ಷಲಿನ್ ಆದರು.

ಸಾಂಟಾ ಬಾರ್ಬರಾದ ತಮ್ಮ ಮನೆಗೆ ಅವರು ಒರ್ಪ್ಲಿಡ್ ಎಂದು ಹೆಸರಿಟ್ಟಿದ್ದರು. ಅದು ಜರ್ಮನ್ ಕವಿ ಮೋರಿಕೆ ಕಲ್ಪಿಸಿದ ದ್ವೀಪ, ಯಾವ ಭೂಪಟದಲ್ಲೂ ಇಲ್ಲದ 'ನನ್ನ ನಾಡು'. ಅದೇ ಊರಿನಲ್ಲಿ 1976ರಲ್ಲಿ ತೀರಿಕೊಂಡರು. ಸಮಾಧಿ ಮಾತ್ರ ವಿಯೆನ್ನಾದಲ್ಲಿದೆ.

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಅನುಮತಿಪತ್ರ ಸಿಕ್ಕ ಮೊದಲ ವರ್ಷವೇ ನಾನು ಹದಿನೆಂಟು ಮಕ್ಕಳನ್ನು ಸೇರಿಸಿಕೊಂಡೆ. ಸಂಜೆಯೆಲ್ಲ ಅವರ ಶ್ರುತಿಗೆ, ನನ್ನದಕ್ಕಿಂತ ಒಂದು ಮನೆ ಮೇಲೆ, ಹಾಡಿ ತೋರಿಸಿ, ಬೆಳಗಿನ ಅಕಾರ ಸಾಧನೆಯನ್ನು ಕೈಬಿಟ್ಟೆ. ಮೂರನೆಯ ವರ್ಷದ ಹೊತ್ತಿಗೆ ನನ್ನ ಮಂದ್ರ ಪಂಚಮ ಹೋಗಿಯೇ ಬಿಟ್ಟಿತ್ತು, ಅದನ್ನು ಮರಳಿ ಪಡೆಯಲು ಪಾಠ ಹೇಳಿದ್ದಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಅದಕ್ಕೆ ಪಾಠ ಕಾರಣವಲ್ಲ, ನನ್ನ ಸಾಧಕವನ್ನು ನಾನೇ ನಿಲ್ಲಿಸಿದ್ದು ಕಾರಣ. ಅಕ್ಕನಂತೆ ಹೇಳುತ್ತೇನೆ: ಪತ್ರ ಕೈಗೆ ಬಂದ ಮೇಲೆ ಮೂರೋ ನಾಲ್ಕೋ ಮಕ್ಕಳಿಗೆ, ವಾರಕ್ಕೆ ಎರಡು ಸಂಜೆ, ನಿಮ್ಮ ಶ್ರುತಿಯಲ್ಲೇ ಹೇಳಿಕೊಡಿ. ಬೆಳಗಿನ ಒಂದೂವರೆ ಗಂಟೆಯನ್ನು ಯಾರಿಗೂ ಬಿಟ್ಟುಕೊಡಬೇಡಿ. ಅಲ್ಲಿಯವರೆಗೆ ಹಣದ ಗೊಡವೆಯಿಲ್ಲದೆ ಒಬ್ಬರ ಮನೆಯ ಹಾಲಿನಲ್ಲಿ ಹತ್ತು ಜನರ ಮುಂದಾದರೂ ಸರಿ, ತಿಂಗಳಿಗೊಮ್ಮೆ ಪೂರ್ತಿ ಒಂದು ರಾಗವನ್ನು ಹಾಡಿ.

ಮ್ಯೂಸಿಕ್ ಅಕಾಡೆಮಿಯ ಬೇಸಿಗೆಯ ಗಾಯನ ಪಾಠಗಳಿಗೆ ಇಂದಿಗೂ ಸಾರ್ವಜನಿಕರು ಟಿಕೆಟ್ ಪಡೆದು ಹೋಗಿ ಕೂರಬಹುದು. ಜುಲೈನಲ್ಲಿ ಬನ್ನಿ, 101ರ ಹೆದ್ದಾರಿಯಲ್ಲಿ ನಿಮ್ಮೂರಿನಿಂದ ಐದು ಗಂಟೆಯ ದಾರಿ. ಮಧ್ಯಾಹ್ನ ಆ ಪಾಠ ಕೇಳೋಣ, ಸಂಜೆ ನಮ್ಮ ಮನೆಯಲ್ಲಿ ನೀವು ಹಾಡಿ. ತಂಬೂರಿ ನನ್ನ ಹತ್ತಿರ ಇದೆ, ನಿಮ್ಮ ಶ್ರುತಿ ಎಷ್ಟೆಂದು ಮಾತ್ರ ಮೊದಲೇ ಬರೆದು ತಿಳಿಸಿ.